ನಡೆಯುವ ಕಣ್ಣಿಗೆ ಕಟ್ಟಿದ ಬೆಟ್ಟ

ಚೀನೀ ಭಾಷೆಯಲ್ಲಿ ನಿಸರ್ಗಚಿತ್ರಕ್ಕೆ ‘ಶಾನ್‌ಶುಯಿ’, ಅಂದರೆ ಬೆಟ್ಟ-ನೀರು, ಎಂದು ಹೆಸರು. ಹನ್ನೊಂದನೆಯ ಶತಮಾನದ ಕಲಾವಿದ ಗುವೊ ಶಿ, ಹಾದುಹೋಗಲು ಅಥವಾ ದೂರದಿಂದ ನೋಡಲು ಮಾತ್ರ ತಕ್ಕ ಬೆಟ್ಟಗಳಿಗಿಂತ, ಅಲೆದಾಡಲು ಮತ್ತು ಬಾಳಲು ತಕ್ಕ ಬೆಟ್ಟಗಳ ಚಿತ್ರವೇ ಮೇಲು ಎಂದು ಎಣಿಸಿದ್ದ. ಇಂದಿನ ವಾಸ್ತುಶಿಲ್ಪಿಗಳು ಅವನತ್ತ ಮರಳುವುದಕ್ಕೆ ಈ ‘ಬಾಳುವ’ ಮಾತೇ ಕಾರಣವಿರಬೇಕು.

ಗೆರೆಗಳಿಂದ ದೂರವನ್ನು ತೋರಿಸುವ ಯುರೋಪಿನ ರೇಖಾ ಪರ್ಸ್‌ಪೆಕ್ಟಿವ್‌ನಲ್ಲಿ ನೋಡುವ ಕಣ್ಣು ಒಂದೇ ಕಡೆ ನಿಂತಿರುತ್ತದೆ. ದೂರಕ್ಕೆ ಸಾಗುವ ಸಮಾಂತರ ರೇಖೆಗಳು ದೂರದ ಒಂದು ಬಿಂದುವಿನಲ್ಲಿ ಕೂಡುತ್ತವೆ. ಗುವೊ ಶಿ 1072ರಲ್ಲಿ ಬರೆದ ‘ವಸಂತದ ಆರಂಭ’ ಚಿತ್ರದಲ್ಲಿ ಅಂಥ ಬಿಂದುವೇ ಇಲ್ಲ. ಬುಡದಿಂದ ಶಿಖರವನ್ನು ತಲೆಯೆತ್ತಿ ನೋಡುವ, ಬೆಟ್ಟದ ಸಂದಿನಿಂದ ಹಿಂದಿನ ಬೆಟ್ಟಗಳಿಗೆ ಇಣುಕುವ, ಹತ್ತಿರದ ದಿಬ್ಬದಿಂದ ದೂರಕ್ಕೆ ದೃಷ್ಟಿ ಚಾಚುವ ಮೂರು ನೋಟಗಳು ಒಂದೇ ರೇಷ್ಮೆಯ ಮೇಲೆ ಸೇರಿಕೊಂಡಿವೆ. ದೂರವನ್ನು ತೋರಿಸುವ ಕೆಲಸವನ್ನು ಇಲ್ಲಿ ಮಾಡುವುದು ಮುಖ್ಯವಾಗಿ ಮಂಜು ಮತ್ತು ತೆಳುವಾಗುತ್ತ ಹೋಗುವ ಮಸಿ. ಇದು ಬರಿಯ ಸಂಪ್ರದಾಯವಲ್ಲ: ನಡುವಿನ ಗಾಳಿ ಬೆಳಕನ್ನು ಚದುರಿಸುವುದರಿಂದ ದೂರದ ಬೆಟ್ಟ ನಿಜಕ್ಕೂ ಮಾಸಲಾಗಿಯೇ ಕಾಣುತ್ತದೆ.

ವಾಸ್ತುಶಿಲ್ಪಿ ಐ. ಎಂ. ಪೇ ವಿನ್ಯಾಸಗೊಳಿಸಿ 2006ರಲ್ಲಿ ತೆರೆದ, ಚೀನಾದ ಸುಝೌ ನಗರದ ವಸ್ತುಸಂಗ್ರಹಾಲಯದಲ್ಲಿ, ಕೊಳದಾಚೆಯ ಬಿಳಿ ಗೋಡೆಯ ಮುಂದೆ ಸೀಳಿದ ಬಂಡೆಗಳನ್ನು ಸಾಲಾಗಿ ನಿಲ್ಲಿಸಲಾಗಿದೆ. ಗೋಡೆ ಕಾಗದವಾಗುತ್ತದೆ, ಕಲ್ಲಿನ ಅಂಚುಗಳು ಮಸಿಯ ಗೆರೆಗಳಾಗುತ್ತವೆ. ಇದು ಸೊಗಸಾದ ಉಪಾಯವೇ. ಆದರೂ ನೋಡುಗ ನಿಂತೇ ನೋಡುವ ಚಿತ್ರ.

2012ರಲ್ಲಿ ವಾಸ್ತುಶಿಲ್ಪದ ಪ್ರಿಟ್ಜ್‌ಕರ್ ಪ್ರಶಸ್ತಿ ಪಡೆದ ವಾಂಗ್ ಶು ಇನ್ನೂ ಮುಂದೆ ಹೋಗುತ್ತಾರೆ. ಅವರು ಪತ್ನಿ ಲು ವೆನ್‌ಯು ಜೊತೆಗೂಡಿ ಕಟ್ಟಿದ ನಿಂಗ್ಬೊ ವಸ್ತುಸಂಗ್ರಹಾಲಯದ ಗೋಡೆಗಳಲ್ಲಿ ಕೆಡವಿದ ಹಳ್ಳಿಮನೆಗಳ ಇಟ್ಟಿಗೆ, ಹೆಂಚುಗಳು ಪದರಪದರವಾಗಿ ಕೂತಿವೆ; ಬಿದಿರಿನ ಅಚ್ಚಿನಲ್ಲಿ ಎರೆದ ಕಾಂಕ್ರೀಟಿನ ಮೇಲೆ ಬಿದಿರಿನ ಗುರುತೇ ಉಳಿದಿದೆ. ಕೆಳಗೆ ಒಂದೇ ಮುದ್ದೆಯಂತಿರುವ ಕಟ್ಟಡ ಮೇಲೇರುತ್ತ ಓರೆಯಾದ ತುಂಡುಗಳಾಗಿ ಒಡೆಯುತ್ತದೆ. ಇಡೀ ಕಟ್ಟಡ ಒಂದೇ ನೋಟಕ್ಕೆ ದಕ್ಕುವುದಿಲ್ಲ. ಬಲದಿಂದ ಎಡಕ್ಕೆ ತೋಳಳತೆಯಷ್ಟು ಬಿಚ್ಚುತ್ತ ನೋಡುವ ಸುರುಳಿಚಿತ್ರದಂತೆ, ನಡೆದಷ್ಟೇ ತೆರೆದುಕೊಳ್ಳುತ್ತದೆ.

ಮಾ ಯಾನ್‌ಸಾಂಗ್ ಅವರ ವಾಸ್ತುಶಿಲ್ಪ ಸಂಸ್ಥೆ ಬೀಜಿಂಗಿನ ಚಾವೊಯಾಂಗ್ ಉದ್ಯಾನದ ಅಂಚಿನಲ್ಲಿ ನಿಲ್ಲಿಸಿದ ಕಪ್ಪು ಗಾಜಿನ ಗೋಪುರಗಳೂ ಶಾನ್‌ಶುಯಿಯ ಹೆಸರನ್ನೇ ಹೇಳುತ್ತವೆ. ನನಗೆ ಮಾತ್ರ ಅವು ಬೆಟ್ಟದ ಆಕಾರವನ್ನಷ್ಟೇ ಎರವಲು ತಂದಂತೆ ಕಾಣುತ್ತವೆ. ನಿಂಗ್ಬೊದಲ್ಲಿ ಮೆಟ್ಟಿಲು ಹತ್ತಿ ಮೇಲಿನ ಜಗಲಿಗೆ ಬಂದವರು ಆ ಓರೆ ಗೋಡೆಗಳ ನಡುವೆ, ಕಣಿವೆಯಲ್ಲಿ ನಿಂತವರಂತೆ, ಸಂದಿನಿಂದ ಊರನ್ನು ನೋಡುತ್ತಾರೆ.