ಸ್ವೀಡನ್ನಿನಲ್ಲಿ ದಿನಕ್ಕೆ ಆರೇ ಗಂಟೆ ಕೆಲಸವಂತೆ, ಹೌದಾ?

ಪ್ರಶ್ನೆ: "ಸಾರ್, ಸ್ವೀಡನ್ನಿನಲ್ಲಿ ದಿನಕ್ಕೆ ಆರೇ ಗಂಟೆ ಕೆಲಸ, ಸಂಬಳ ಮಾತ್ರ ಪೂರ್ತಿ ಅಂತೆ. ನೀವು ಅಲ್ಲೇ ಪ್ರೋಗ್ರಾಮರ್ ಅಲ್ವಾ? ನಿಜಾನಾ?"

ನಿಜ ಅಲ್ಲ. ಇಲ್ಲಿನ ಕಾನೂನಿನಲ್ಲಿ ಇರುವುದು ವಾರಕ್ಕೆ 40 ಗಂಟೆ. 1970ರ ದಶಕದಿಂದಲೂ ಇದೇ ಲೆಕ್ಕ. ಪಾಳಿ ಕೆಲಸದವರಿಗೆ ಒಪ್ಪಂದದ ಪ್ರಕಾರ ಕೆಲವು ಗಂಟೆ ಕಡಿಮೆ ಇರಬಹುದು, ಅಷ್ಟೇ. ನನ್ನಂಥ ಪ್ರೋಗ್ರಾಮರ್ ಬೆಳಗ್ಗೆ ಎಂಟಕ್ಕೆ ಕೂತರೆ ಸಂಜೆ ಐದಕ್ಕೆ ಏಳುತ್ತಾನೆ. ನಡುವೆ ಒಂದು ಗಂಟೆ ಊಟಕ್ಕೆ ಹೋದರೆ ಅದು ಕೆಲಸದ ಲೆಕ್ಕಕ್ಕೆ ಬರುವುದಿಲ್ಲ.

ಈ ಉತ್ತರವನ್ನು ಎಷ್ಟು ಸಲ ಬರೆದರೂ ಮತ್ತೆ ಅದೇ ಪ್ರಶ್ನೆ ಬರುತ್ತದೆ. 2023ರಲ್ಲಿ ನಾರಾಯಣ ಮೂರ್ತಿಯವರು ವಾರಕ್ಕೆ 70 ಗಂಟೆ ದುಡಿಯುವ ಮಾತಾಡಿದ ಮೇಲೆ ಇನ್ನೂ ಜಾಸ್ತಿಯಾಯಿತು. 2024ರಲ್ಲಿ ಕರ್ನಾಟಕದಲ್ಲಿ ಐಟಿಯವರಿಗೆ ದಿನಕ್ಕೆ 14 ಗಂಟೆಯ ಪ್ರಸ್ತಾಪ ಬಂದಾಗಲಂತೂ ಎಲ್ಲರ ಬಾಯಲ್ಲೂ ಸ್ವೀಡನ್ನಿನ ಆರು ಗಂಟೆ. ಅದಕ್ಕೇ ಇವತ್ತು ಇದನ್ನು ಬುಡದಿಂದ ಬಿಡಿಸಿ ಹೇಳುತ್ತೇನೆ. ಬೆಂಗಳೂರಿನ ಹುಡುಗ ಹುಡುಗಿಯರು ನ್ಯಾಯವಾದ ವಾದ ಮಾಡುತ್ತಿದ್ದಾರೆ. ಅದಕ್ಕೆ ಸುಳ್ಳು ಉದಾಹರಣೆ ಇಟ್ಟುಕೊಂಡರೆ ಎದುರಿನವರು ಒಂದೇ ಮಾತಿಗೆ ಅದನ್ನು ಕೆಡವಿಬಿಡುತ್ತಾರೆ.

ಈ ಕಥೆ ಜಗತ್ತೆಲ್ಲ ಹಬ್ಬಿದ್ದು 2015ರಲ್ಲಿ. ಸ್ಟಾಕ್‌ಹೋಮಿನ ಒಂದು ಸಣ್ಣ ಆಪ್ ಕಂಪನಿ ಆರು ಗಂಟೆಯ ದಿನ ಶುರು ಮಾಡಿತ್ತು. ವಿದೇಶಿ ಪತ್ರಿಕೆಗಳು ಅದನ್ನು ಹಿಡಿದು "ಸ್ವೀಡನ್ ಆರು ಗಂಟೆಗೆ ಬದಲಾಗುತ್ತಿದೆ" ಎಂದು ಬರೆದವು. ಒಂದು ಕಂಪನಿ ಮಾಡಿದ್ದು ಇಡೀ ದೇಶ ಮಾಡಿದಂತೆ ಆಗಿಹೋಯಿತು.

ಅದೇ ವರ್ಷ ಗೋಥೆನ್‌ಬರ್ಗ್ ನಗರ ಸ್ವಾರ್ತೆದಾಲೆನ್ ಎಂಬ ತನ್ನ ವೃದ್ಧಾಶ್ರಮದಲ್ಲಿ ಒಂದು ಪ್ರಯೋಗ ಶುರು ಮಾಡಿತು. ದಾದಿಯರಿಗೆ ದಿನಕ್ಕೆ ಆರು ಗಂಟೆ, ಸಂಬಳ ಪೂರ್ತಿ. 2016ರ ಕೊನೆಯವರೆಗೆ ನಡೆಯಿತು. ದಾದಿಯರ ಆರೋಗ್ಯ ಸುಧಾರಿಸಿತು, ಅನಾರೋಗ್ಯದ ರಜೆ ಕಡಿಮೆಯಾಯಿತು, ವೃದ್ಧರ ಜೊತೆ ಕಳೆಯುವ ಸಮಯ ಹೆಚ್ಚಾಯಿತು. ಇದೆಲ್ಲ ಒಳ್ಳೆಯ ಫಲವೇ. ಆದರೆ ಉಳಿದ ಗಂಟೆ ತುಂಬಲು ಸುಮಾರು 17 ಜನರನ್ನು ಹೊಸದಾಗಿ ಸೇರಿಸಿಕೊಳ್ಳಬೇಕಾಯಿತು. ಖರ್ಚು ಇಲ್ಲಿನ ಹಣದಲ್ಲಿ ಸುಮಾರು 1.2 ಕೋಟಿ ಕ್ರೋನರ್. ನಗರ ಮುಂದುವರಿಸಲಿಲ್ಲ. ಪ್ರಯೋಗ ಶುರುವಾದಾಗ ಬಂದ ಸುದ್ದಿ ನಮ್ಮೂರವರೆಗೂ ತಲುಪಿತು, ಮುಗಿದ ಸುದ್ದಿ ತಲುಪಲೇ ಇಲ್ಲ.

ಇದಕ್ಕಿಂತ ಹಳೆಯದೂ ಇದೆ. ಉತ್ತರದ ತುದಿಯಲ್ಲಿ ಕಿರುನಾ ಎಂಬ ಗಣಿ ಊರಿದೆ. ಅಲ್ಲಿ ಮನೆಮನೆಗೆ ಹೋಗಿ ವೃದ್ಧರನ್ನು ನೋಡಿಕೊಳ್ಳುವವರಿಗೆ 1989ರಲ್ಲೇ ಆರು ಗಂಟೆ ಕೊಟ್ಟರು. 2005ರಲ್ಲಿ ನಿಲ್ಲಿಸಿದರು. ಹದಿನಾರು ವರ್ಷ ನಡೆಸಿ ನೋಡಿದ ಊರೇ ಹಿಂದೆ ಸರಿದಿದೆ.

ಹಾಗಾದರೆ ಎಲ್ಲೂ ಗೆಲ್ಲಲಿಲ್ಲವೇ? ಗೆದ್ದಿದೆ. ಗೋಥೆನ್‌ಬರ್ಗಿನ ಟೊಯೋಟಾ ಸರ್ವಿಸ್ ಸೆಂಟರಿನಲ್ಲಿ 2000ರ ದಶಕದ ಆರಂಭದಲ್ಲೇ ಮೆಕ್ಯಾನಿಕ್‌ಗಳಿಗೆ ಎಂಟು ಗಂಟೆಯ ಬದಲು ಆರು ಗಂಟೆಯ ಎರಡು ಪಾಳಿ ಮಾಡಿದರು. ಒಬ್ಬೊಬ್ಬರ ಗಂಟೆ ಕಡಿಮೆಯಾದರೂ ಗ್ಯಾರೇಜು ಹೆಚ್ಚು ಹೊತ್ತು ತೆರೆದಿತ್ತು. ಅದೇ ಜಾಗ, ಅದೇ ಯಂತ್ರಗಳಲ್ಲಿ ಹೆಚ್ಚು ಕಾರು ಹೊರಬಂದವು. ಆದಾಯ ಬಂತು, ಪದ್ಧತಿ ಉಳಿಯಿತು. ವೃದ್ಧಾಶ್ರಮದಲ್ಲಿ ಆ ಲೆಕ್ಕ ಕೂಡುವುದಿಲ್ಲ. ರಾತ್ರಿ ಹಗಲು ಯಾರಾದರೂ ಅಲ್ಲಿ ಇರಲೇಬೇಕು, ಗಂಟೆ ಕಡಿಮೆ ಮಾಡಿದಷ್ಟೂ ಜನ ಜಾಸ್ತಿ ಬೇಕು. ಆರು ಗಂಟೆ ಒಳ್ಳೆಯದೋ ಕೆಟ್ಟದ್ದೋ ಎಂದು ಸುಮ್ನೆ ಜಗಳ ಆಡುವವರು ಈ ವ್ಯತ್ಯಾಸವನ್ನು ಮೊದಲು ನೋಡಬೇಕು.

ಈ ಆರು ಗಂಟೆಯ ಕಥೆಗೆ ಇನ್ನೊಂದು ಮೂಲ ಇದೆ. ಇದನ್ನು ಯಾರೂ ಗಮನಿಸುವುದಿಲ್ಲ. ಮಗುವಿಗೆ ಎಂಟು ವರ್ಷ ತುಂಬುವವರೆಗೆ ತಂದೆ ತಾಯಿ ತಮ್ಮ ಕೆಲಸದ ಸಮಯವನ್ನು ಕಾಲು ಭಾಗದವರೆಗೆ ಕಡಿಮೆ ಮಾಡಿಕೊಳ್ಳಬಹುದು. ಕಂಪನಿ ಬೇಡ ಅನ್ನುವಂತಿಲ್ಲ. ಎಂಟರಲ್ಲಿ ಕಾಲು ಕಳೆದರೆ ಎಷ್ಟು? ಆರು! ಇಲ್ಲಿಗೆ ಬಂದ ನಮ್ಮವರು ಮೂರು ಗಂಟೆಗೆ ಎದ್ದು ಹೋಗುವ ಸಹೋದ್ಯೋಗಿಯನ್ನು ನೋಡಿ ಊರಿಗೆ ಫೋನು ಮಾಡಿ ಹೇಳುತ್ತಾರೆ. ಆಕೆಯ ಸಂಬಳದಲ್ಲೂ ಕಾಲು ಭಾಗ ಕಡಿತವಾಗಿದೆ ಎನ್ನುವುದು ಅವರಿಗೆ ಕಾಣುವುದಿಲ್ಲ.

ಇಷ್ಟು ಹೇಳಿದ ಮೇಲೆ "ಹಾಗಾದರೆ ಬೆಂಗಳೂರಿಗೂ ಅಲ್ಲಿಗೂ ಏನು ವ್ಯತ್ಯಾಸ?" ಎನ್ನುತ್ತಾರೆ. ವ್ಯತ್ಯಾಸ ದೊಡ್ಡದಿದೆ. ಇಲ್ಲಿ 40 ಅಂದರೆ 40. ಎರಡು ದಿನದ ಕೆಲಸದ ನಡುವೆ 11 ಗಂಟೆ ಬಿಡುವು ಇರಬೇಕು ಎಂಬುದು ನಿಯಮ. ವರ್ಷಕ್ಕೆ 25 ದಿನ ಸಂಬಳದ ರಜೆ ಕಾನೂನಿನಲ್ಲೇ ಇದೆ. ಜೂನ್‌ನಿಂದ ಆಗಸ್ಟ್ ಒಳಗೆ ನಾಲ್ಕು ವಾರ ಒಟ್ಟಿಗೆ ತೆಗೆದುಕೊಳ್ಳುವ ಹಕ್ಕಿದೆ. ಜುಲೈನಲ್ಲಿ ಆಫೀಸು ಖಾಲಿ. ಬೆಳಗ್ಗೆ ಮತ್ತು ಮಧ್ಯಾಹ್ನ ಎಲ್ಲರೂ ಕೂತು ಕಾಫಿ ಕುಡಿಯುವ ಫೀಕಾ ಕೂಡ ಕೆಲಸದ ಸಮಯದ ಒಳಗೇ ಬರುತ್ತದೆ.

ಒಬ್ಬ ನಾಲ್ಕು ವಾರ ಮಾಯವಾಗುತ್ತಾನೆ ಎಂದು ಮೊದಲೇ ಗೊತ್ತಿರುವುದರಿಂದ ಕೋಡ್ ಬರೆಯುವ ರೀತಿಯೇ ಬೇರೆ. ಯಾವ ಭಾಗವೂ ಒಬ್ಬನ ತಲೆಯಲ್ಲಿ ಮಾತ್ರ ಇರಬಾರದು. ನನ್ನ ಟೀಮಿಗೆ ಬರುವ ಹೊಸಬರಿಗೆ ನಾನು ಮೊದಲು ಕಲಿಸುವುದೇ ಇದನ್ನು: ನೀನು ಇಲ್ಲದಾಗಲೂ ನಡೆಯುವ ಹಾಗೆ ಬರೆ. ಅವರು ಅದನ್ನು ಕಲಿತು, ಮೊದಲ ಬೇಸಿಗೆಯಲ್ಲಿ ಫೋನು ಆಫ್ ಮಾಡಿ ಊರಿಗೆ ಹೋಗಿಬರುವುದನ್ನು ನೋಡಿದರೆ ನನಗೆ ನಿಜವಾಗಿ ಹೆಮ್ಮೆಯಾಗುತ್ತದೆ.

ಇಲ್ಲಿ ಕೆಲಸ ಹುಡುಕುವವರು ಒಂದು ವಿಷಯ ನೋಡಿಕೊಳ್ಳಿ. ಐಟಿಯಲ್ಲಿ ಓವರ್‌ಟೈಮ್ ದುಡ್ಡನ್ನು ಬಿಟ್ಟುಕೊಟ್ಟು ಅದರ ಬದಲು ಐದು ದಿನ ಹೆಚ್ಚು ರಜೆ ಪಡೆಯುವ ಒಪ್ಪಂದ ಸಾಮಾನ್ಯ. 30 ದಿನ ರಜೆ ಎಂದು ಖುಷಿಯಾಗಿ ಸಹಿ ಹಾಕುವ ಮುಂಚೆ ಅದರ ಹಿಂದೆ ಏನು ಬಿಟ್ಟುಕೊಟ್ಟಿದ್ದೀರಿ ಎಂದು ಓದಿ. ಕಂಪನಿಗೆ ಯೂನಿಯನ್ ಜೊತೆ ಒಪ್ಪಂದ ಇದೆಯಾ ಎಂದೂ ಕೇಳಿ. ಹಾಗೆ ಕೇಳಿದರೆ ಇಲ್ಲಿ ಯಾರೂ ತಪ್ಪು ತಿಳಿಯುವುದಿಲ್ಲ.

ಕೆಲಸದ ಗಂಟೆ ಎಷ್ಟು ಎಂದು ಎಲ್ಲರೂ ಕೇಳುತ್ತಾರೆ. ಮನೆಗೆಲಸ ಯಾರು ಮಾಡುತ್ತಾರೆ ಎಂದು ಮಾತ್ರ ಒಬ್ಬರೂ ಕೇಳಿಲ್ಲ. ನನಗೆ ಬಹಳ ಮುಖ್ಯ ಅನ್ನಿಸುವ ಪ್ರಶ್ನೆ ಅದು. ಇಲ್ಲಿ ಪಾತ್ರೆ ತೊಳೆಯಲು, ಅಡುಗೆ ಮಾಡಲು ದಿನಾ ಯಾರೂ ಬರುವುದಿಲ್ಲ. 2007ರಿಂದ ಸರ್ಕಾರ ಮನೆ ಸ್ವಚ್ಛಗೊಳಿಸುವ ಕೂಲಿಯ ಅರ್ಧದಷ್ಟನ್ನು, ಒಂದು ಮಿತಿಯೊಳಗೆ, ನಮ್ಮ ತೆರಿಗೆಯಲ್ಲಿ ಕಳೆಯುತ್ತದೆ. ಆದರೂ ಹೆಚ್ಚಿನವರ ಮನೆಯಲ್ಲಿ ಎಲ್ಲವೂ ಗಂಡ ಹೆಂಡತಿಯ ಕೈಯಲ್ಲೇ. ಬಟ್ಟೆ ಒಗೆಯಲು ಅಪಾರ್ಟ್‌ಮೆಂಟಿನ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಒಂದು ಕೋಣೆ. ಮೊದಲೇ ಸಮಯ ಬುಕ್ ಮಾಡಬೇಕು, ಮುಗಿದ ಮೇಲೆ ಡ್ರೈಯರಿನ ನಾರು ತೆಗೆದು, ನೆಲ ಒರೆಸಿ ಬರಬೇಕು. ಮರೆತರೆ ಬಾಗಿಲಿಗೆ ಚೀಟಿ ಅಂಟಿರುತ್ತದೆ.

ಸಂಜೆ ಐದಕ್ಕೆ ಎದ್ದು ಹೋಗುವ ಮ್ಯಾನೇಜರ್ ಕ್ಲಬ್ಬಿಗೆ ಹೋಗುತ್ತಿಲ್ಲ. ಮಗುವನ್ನು ಶಿಶುವಿಹಾರದಿಂದ ಕರೆದುಕೊಂಡು, ಸಾಮಾನು ತೆಗೆದುಕೊಂಡು, ಅಡುಗೆಗೆ ನಿಲ್ಲುತ್ತಾನೆ. ಮಗುವಿಗೆ ಜ್ವರ ಬಂದರೆ ಅವನೇ ರಜೆ ಹಾಕುತ್ತಾನೆ. ಅದಕ್ಕೆ ಸರ್ಕಾರದ ವಿಮೆಯಿಂದ ಸಂಬಳದ ಸುಮಾರು 80 ಶೇಕಡಾ, ಒಂದು ಮಿತಿಯೊಳಗೆ, ಸಿಗುತ್ತದೆ. ಮೀಟಿಂಗ್ ಮುಂದಕ್ಕೆ ಹೋಗುತ್ತದೆ, ಯಾರೂ ಮುಖ ಸಿಂಡರಿಸುವುದಿಲ್ಲ. ಇಲ್ಲಿಗೆ ಬರಬೇಕೆಂದಿರುವ ತಮ್ಮಂದಿರಿಗೆ ನಾನು ಹೇಳುವುದು ಇಷ್ಟು: ಭಾಷೆಯ ಕೋರ್ಸಿಗೆ ಸೇರುವ ಮುಂಚೆಯೇ ಅಮ್ಮನ ಹತ್ತಿರ ನಿಂತು ಅನ್ನ, ಸಾರು, ನಾಲ್ಕು ಬಗೆಯ ಪಲ್ಯ ಕಲಿತುಕೊಳ್ಳಿ. ಬಚ್ಚಲು ತೊಳೆಯುವುದನ್ನೂ ಕಲಿಯಿರಿ. ಹೆಂಡತಿಯೂ ಇಲ್ಲಿ ಕೆಲಸಕ್ಕೆ ಹೋಗುತ್ತಾಳೆ, ಅವಳಿಗೂ ವಾರಕ್ಕೆ 40 ಗಂಟೆ.