ಸೆಕೆಗಾಲದಲ್ಲಿ ಶುರುಮಾಡಿದ ಮದ್ದು

ಮಲ್ಟಿಪಲ್ ಸ್ಕ್ಲೆರೋಸಿಸ್ (ಎಂಎಸ್) ಎಂಬ ನರರೋಗಕ್ಕೆ ಹೊಸ ಮದ್ದು ಮಾರಬೇಕೆಂದಿರುವವರಿಗೆ ಮಂಗಳೂರಿಗಿಂತ ಒಳ್ಳೆಯ ಊರಿಲ್ಲ, ಮೇ ತಿಂಗಳಿಗಿಂತ ಒಳ್ಳೆಯ ಮುಹೂರ್ತವಿಲ್ಲ. ಮೇ ಕೊನೆಗೆ ಬರುವ ಪತ್ತನಾಜೆಯ ಹೊತ್ತಿಗೆ ಪುಡಿ ಕೊಟ್ಟರೆ ಜೂನ್ ಮಧ್ಯಕ್ಕೆ ಎಷ್ಟೋ ಮಂದಿಗೆ ಕಾಲಿನ ಭಾರ ಇಳಿದಿರುತ್ತದೆ, ಕಣ್ಣಿನ ಮಂಜು ತಿಳಿಯಾಗಿರುತ್ತದೆ. ಕೆಲಸ ಮಾಡಿದ್ದು ಮಳೆ, ಹೆಸರು ಬಂದದ್ದು ಪುಡಿಗೆ.

ಎಂಎಸ್‌ನಲ್ಲಿ ದೇಹದ ರೋಗನಿರೋಧಕ ಕೋಶಗಳೇ ನರತಂತುಗಳ ಮೈಲಿನ್ ಪೊರೆಯನ್ನು ಕಿತ್ತುಹಾಕುತ್ತವೆ. ಆರೋಗ್ಯವಂತ ನರದಲ್ಲಿ ಸಂಕೇತವನ್ನು ಮುಂದೆ ದಾಟಿಸಲು ಬೇಕಾದುದಕ್ಕಿಂತ ಹಲವು ಪಟ್ಟು ವಿದ್ಯುತ್ ಇರುತ್ತದೆ. ಪೊರೆ ಹೋದಲ್ಲಿ ಅದು ಸೋರಿ ಸಾಕೋ ಬೇಕೋ ಎನ್ನುವಷ್ಟು ಉಳಿಯುತ್ತದೆ. ಅಡಿಕೆ ತೋಟದ ತೂತುಬಿದ್ದ ಪೈಪು ನೋಡಿ. ಪಂಪಿಗೆ ಕರೆಂಟು ಸರಿಯಿದ್ದರೆ ಕೊನೆಯ ಸ್ಪ್ರಿಂಕ್ಲರ್ ಹೇಗೋ ತಿರುಗುತ್ತದೆ. ವೋಲ್ಟೇಜ್ ಚೂರು ಇಳಿದರೆ ನಿಂತೇಬಿಡುತ್ತದೆ. ಹೊಸ ತೂತೇನೂ ಬಿದ್ದಿರುವುದಿಲ್ಲ. ನರದಲ್ಲಿ ಈ ವೋಲ್ಟೇಜ್ ಇಳಿಸುವುದು ಬಿಸಿ: ಮಿಡಿತ ಹುಟ್ಟಿಸುವ ಸೋಡಿಯಂ ಕಾಲುವೆಗಳು ಬೇಗ ಮುಚ್ಚಿಕೊಂಡು ಪ್ರತಿ ಮಿಡಿತ ಮೊಟಕಾಗುತ್ತದೆ, ಸಂಕೇತ ಅಲ್ಲೇ ನಿಲ್ಲುತ್ತದೆ. ಮೈಯ ಉಷ್ಣತೆ ಅರ್ಧ ಡಿಗ್ರಿ ಸೆಲ್ಸಿಯಸ್ ಏರಿದರೂ ಸಾಕು. ಘಟ್ಟದ ಮೇಲೆ ಒಣ ಬಿಸಿಲಿಗೆ ಬೆವರು ಆರಿ ಮೈ ತಣಿಯುತ್ತದೆ. ಕರಾವಳಿಯಲ್ಲಿ ಬೆವರು ಸುರಿಯುತ್ತದೆಯೇ ಹೊರತು ಆರುವುದಿಲ್ಲ. ಜರ್ಮನಿಯ ಕಣ್ಣಿನ ವೈದ್ಯ ವಿಲ್ಹೆಲ್ಮ್ ಊಟ್‌ಹಾಫ್, ವ್ಯಾಯಾಮದ ನಂತರ ಇಂಥ ರೋಗಿಗಳ ದೃಷ್ಟಿ ಮಂಜಾಗುವುದನ್ನು 1890ರಲ್ಲೇ ಬರೆದಿಟ್ಟಿದ್ದ. ಎಂಆರ್‌ಐ ಬರುವ ಮುಂಚೆ ರೋಗಿಯನ್ನು ಬಿಸಿನೀರಿನ ತೊಟ್ಟಿಯಲ್ಲಿ ಕೂರಿಸಿ ಪತ್ತೆಹಚ್ಚುವ ಕ್ರಮವೂ ಇತ್ತು. ದೀಪಾವಳಿಯ ಎಣ್ಣೆಸ್ನಾನದ ದಿನ ಕಾಲು ಸೋಲುವುದೂ ಇದರಿಂದಲೇ.

ಇದರ ಮೇಲೆ ರೋಗದ ಸ್ವಭಾವ ಬೇರೆ. ಸುಮಾರು 85% ಮಂದಿಯಲ್ಲಿ ಅದು ಶುರುವಾಗುವುದೇ ಏರಿಳಿತದಿಂದ. ದಾಳಿ ಬಂದು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಜನ ಹೊಸ ಮದ್ದು ಹುಡುಕುವುದು ತೀರಾ ಸೋತಾಗ. ಆಮೇಲೆ ಏನು ಕೊಟ್ಟರೂ ಗುಣವೇ.

ಈ ಭ್ರಮೆಗೆ ಓದಿದವರೂ ಬೀಳುತ್ತಾರೆ. ಇಟಲಿಯ ಫೆರಾರಾದ ರಕ್ತನಾಳ ತಜ್ಞ ಪಾವ್ಲೊ ಝಂಬೋನಿ 2009ರಲ್ಲಿ, ಕುತ್ತಿಗೆಯ ಅಭಿಧಮನಿ ಕಿರಿದಾಗುವುದೇ ಎಂಎಸ್‌ಗೆ ಮೂಲ, ಬಲೂನ್ ಹಾಕಿ ಹಿಗ್ಗಿಸಿದರೆ ಗುಣ ಎಂದ. ಕೆನಡಾದ ರೋಗಿಗಳು ಭಾರತದವರೆಗೂ ಬಂದು ಮಾಡಿಸಿಕೊಂಡರು. ಕೊನೆಗೆ ಕೆನಡಾದಲ್ಲೇ 104 ಮಂದಿಗೆ ನಾಳದೊಳಗೆ ಕ್ಯಾಥೆಟರ್ ಹಾಕಿ, ಸುಮಾರು ಅರ್ಧದಷ್ಟು ಮಂದಿಗೆ ಮಾತ್ರ, ಅವರಿಗೇ ಗೊತ್ತಾಗದಂತೆ, ಬಲೂನ್ ಊದಿದರು. ಒಂದು ವರ್ಷದ ನಂತರ ಎರಡೂ ಗುಂಪು ಒಂದೇ. ಝಂಬೋನಿಯ ಸ್ವಂತ ಟ್ರಯಲ್‌ನಲ್ಲೂ ಅದೇ ಫಲಿತಾಂಶ.

ಇಷ್ಟಾದ ಮೇಲೂ ಹೊಸ ಮದ್ದು ಪ್ರಯತ್ನಿಸುವುದೇ ಎಂದಾದರೆ ಮೊದಲು ರೋಗ ಎಂಎಸ್ಸೇ ಎಂದು ಖಚಿತವಾಗಲಿ. ನ್ಯೂರೋಮೈಲೈಟಿಸ್ ಆಪ್ಟಿಕಾ ಎಂಬ ಬೇರೆಯೇ ರೋಗವೂ ನೋಡಲು ಹೀಗೇ ಇರುತ್ತದೆ. ಆಕ್ವಾಪೋರಿನ್-4 ಪ್ರತಿಕಾಯದ ರಕ್ತಪರೀಕ್ಷೆ ಬಹುಪಾಲು ಮಂದಿಯಲ್ಲಿ ಎರಡನ್ನೂ ಬೇರ್ಪಡಿಸುತ್ತದೆ. ಆಮೇಲೆ ಅಳತೆ. ಚಾವಡಿಯಲ್ಲಿ 25 ಅಡಿ, ಅಂದರೆ 7.62 ಮೀಟರ್‌ಗೆ ಸೀಮೆಸುಣ್ಣದ ಗೆರೆ ಎಳೆದು, ಬೆಳಿಗ್ಗೆ ಒಂದೇ ಹೊತ್ತಿಗೆ, ಅದೇ ಚಪ್ಪಲಿ, ಅದೇ ಊರುಗೋಲಿನಲ್ಲಿ ಎರಡು ಸಲ ವೇಗವಾಗಿ ನಡೆದು ಸರಾಸರಿ ಸೆಕೆಂಡು ಬರೆಯಬೇಕು. ಪಕ್ಕದಲ್ಲೇ ಕೋಣೆಯ ಉಷ್ಣತೆ, ಜ್ವರ ಅಥವಾ ಮೂತ್ರದ ಸೋಂಕು ಇದೆಯೇ ಎಂಬುದೂ ಇರಲಿ. 20%ಕ್ಕಿಂತ ಕಡಿಮೆ ವ್ಯತ್ಯಾಸವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಮೇ ತಿಂಗಳ ಅಂಕಿಯನ್ನು ಜುಲೈಯದಕ್ಕೆ ಹೋಲಿಸಿದರೆ ಅಳೆದದ್ದೇ ದಂಡ, ಮುಂದಿನ ಮೇ ಬರಲಿ. ಶುರುವಿಗೊಂದು, 6ರಿಂದ 12 ತಿಂಗಳ ನಂತರ ಸಾಧ್ಯವಾದರೆ ಅದೇ ಯಂತ್ರದಲ್ಲಿ ಇನ್ನೊಂದು ಎಂಆರ್‌ಐ: ಅದರಲ್ಲಿ ಕಾಣುವ ಹೊಸ ಕಲೆಗಳಿಗೆ ಮಳೆ ಬಿಸಿಲಿನ ದಾಕ್ಷಿಣ್ಯವಿಲ್ಲ. ಯಾವುದು ಕಂಡರೆ ನಿಲ್ಲಿಸುವುದು ಎಂದು ಶುರುವಿಗೇ ಬರೆದಿಡಿ.

ಈಗಿನ ಮದ್ದನ್ನು ತಾವಾಗಿ ಬಿಡುವುದು ಎಲ್ಲಕ್ಕಿಂತ ದುಬಾರಿ ತಪ್ಪು. ಫಿಂಗೋಲಿಮಾಡ್, ನಟಾಲಿಝುಮ್ಯಾಬ್ ನಿಲ್ಲಿಸಿದ ಕೆಲವೇ ತಿಂಗಳಲ್ಲಿ ರೋಗ ಮೊದಲಿಗಿಂತ ಜೋರಾಗಿ ಮರಳಬಹುದು. ಎಂಎಸ್‌ಗೆಂದು ಲೈಸೆನ್ಸ್ ಇಲ್ಲದಿದ್ದರೂ ನರರೋಗ ತಜ್ಞರು ಕೊಡುವ ರಿಟುಕ್ಸಿಮ್ಯಾಬ್ ಸಾಬೀತಾಗದ ಮದ್ದುಗಳ ಸಾಲಿಗೆ ಸೇರುವುದಿಲ್ಲ. ಅದಕ್ಕೆ 2022ರ ಸ್ವೀಡನ್ ಟ್ರಯಲ್‌ನ ಬಲವಿದೆ. ಸ್ಟೆಮ್ ಸೆಲ್ 'ಟ್ರಯಲ್' ಎನ್ನುವವರಲ್ಲಿ ಭಾರತದ ಟ್ರಯಲ್ ದಾಖಲೆಪಟ್ಟಿಯಾದ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಸಂಖ್ಯೆ ಇದ್ದ ಮಾತ್ರಕ್ಕೆ ಮದ್ದು ಸಾಬೀತಾದಂತಲ್ಲ, ಆದರೆ ಪ್ರಯೋಗದ ಮದ್ದಿಗೆ ನಿಮ್ಮಿಂದಲೇ ಲಕ್ಷಗಟ್ಟಲೆ ಕೇಳಿದರೆ ಅದು ವ್ಯಾಪಾರ. ಎಂಎಸ್‌ಗೆಂದು ದಿನಕ್ಕೆ 300 ಮಿಲಿಗ್ರಾಂ ಬಯೋಟಿನ್ ವಿಟಮಿನ್ ನುಂಗುವವರು ರಕ್ತ ಕೊಡುವಾಗ ಲ್ಯಾಬಿನವರಿಗೆ ಹೇಳಲೇಬೇಕು. ಥೈರಾಯ್ಡ್ ವರದಿ ತಲೆಕೆಳಗಾಗುತ್ತದೆ, ಹೃದಯಾಘಾತ ತೋರಿಸುವ ಟ್ರೋಪೋನಿನ್ ಕಡಿಮೆ ಕಾಣುತ್ತದೆ.

ಲೇಬಲ್ ಇಲ್ಲದ ಪುಡಿ ತಿಂದು ನಾಲ್ಕೇ ದಿನಕ್ಕೆ ಹುರುಪು ಬಂದು, ನಿದ್ದೆ ಹೋಗಿ, ಹಸಿವು ಹೆಚ್ಚಿ, ವಾರಗಳಲ್ಲಿ ಮುಖ ಊದಿಕೊಂಡರೆ ಅದರಲ್ಲಿ ಸ್ಟೀರಾಯ್ಡ್ ಬೆರೆತಿದೆ ಎಂದೇ ಶಂಕಿಸಿ. ಮೂರು ವಾರ ಮೀರಿ ತಿಂದಿದ್ದರೆ ಸಿಟ್ಟಿನಲ್ಲಿ ಒಮ್ಮೆಗೇ ಎಸೆಯಬೇಡಿ. ಮೈಯದೇ ಸ್ಟೀರಾಯ್ಡ್ ತಯಾರಿಸುವ ಅಡ್ರಿನಲ್ ಗ್ರಂಥಿ ಮಲಗಿರುತ್ತದೆ, ಬಿಪಿ ಕುಸಿದೀತು. ಪೊಟ್ಟಣ ಸಮೇತ ಅಂದೇ ವೈದ್ಯರ ಬಳಿ ಹೋಗಿ, ಅವರು ಹಂತಹಂತವಾಗಿ ಇಳಿಸುತ್ತಾರೆ.