ಆಯಸ್ಕಾಂತ ಅಂಟುತ್ತೆ ಸಾರ್, ಉಲ್ಕಾಶಿಲೆನೇ ಅಲ್ವಾ?

ಪ್ರಶ್ನೆ: ಹೊಲ ಉಳುವಾಗ ಒಂದು ಕಪ್ಪು ಕಲ್ಲು ಸಿಕ್ಕಿದೆ. ಗಾತ್ರ ನೋಡಿದರೆ ಚಿಕ್ಕದು, ಎತ್ತಿದರೆ ಭಾರ. ಆಯಸ್ಕಾಂತ ಗಟ್ಟಿಯಾಗಿ ಅಂಟುತ್ತದೆ. ಇದು ಉಲ್ಕಾಶಿಲೆ ತಾನೇ? ಬೆಲೆ ಎಷ್ಟು ಬರಬಹುದು?

ಉತ್ತರ: ಅಲ್ಲ.

ಇಷ್ಟಕ್ಕೇ ನಿಲ್ಲಿಸಿದರೆ ನನಗೂ ಕೆಲಸ ಕಡಿಮೆ. ಆದರೆ ನಿಲ್ಲಿಸಿ ನೋಡಿದ್ದೇನೆ, ಮತ್ತೆ ಅದೇ ಪ್ರಶ್ನೆ ಬರುತ್ತದೆ. ಹೊಸದುರ್ಗದಿಂದ ಬರುತ್ತದೆ, ಜಗಳೂರಿನಿಂದ ಬರುತ್ತದೆ, ಹಿರಿಯೂರಿನಿಂದ ಫೋಟೊ ಸಮೇತ ಬರುತ್ತದೆ. ಫೋಟೊದಲ್ಲಿ ಕಲ್ಲಿಗಿಂತ ಆಯಸ್ಕಾಂತವೇ ದೊಡ್ಡದಾಗಿ ಕಾಣುತ್ತಿರುತ್ತದೆ. ಅದಕ್ಕೆ ಈ ಸಲ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೋದ ತಿಂಗಳು ಹೊಳಲ್ಕೆರೆ ಕಡೆಯ ರೈತರೊಬ್ಬರು ಮನೆಗೇ ಬಂದರು. ಬೈಕಿನ ಮುಂದಿನ ಚೀಲದಲ್ಲಿ ಟವಲ್ ಸುತ್ತಿದ ಕಲ್ಲು. ತೆಂಗಿನಕಾಯಿ ಗಾತ್ರ. ಜೊತೆಗೆ ಹಳೇ ಸ್ಪೀಕರ್ ಒಡೆದು ತೆಗೆದ ಆಯಸ್ಕಾಂತ. "ಮೇಷ್ಟ್ರೇ, ನೋಡಿ" ಅಂತ ಕಲ್ಲಿನ ಮೇಲಿಟ್ಟರು. ಟಪ್ ಅಂತ ಕೂತಿತು. ಅವರ ಮುಖದಲ್ಲಿ ಬೆಳಕು.

ನಾನು ಅಡುಗೆಮನೆಯಿಂದ ಒಂದು ಪಿಂಗಾಣಿ ಬಟ್ಟಲು ತಂದೆ. ಅದರ ತಳ ತಿರುಗಿಸಿದರೆ ಹೊಳಪಿಲ್ಲದ ಒರಟು ಉಂಗುರ ಇರುತ್ತದಲ್ಲ, ಅದರ ಮೇಲೆ ಕಲ್ಲಿನ ಮೂಲೆಯನ್ನು ಒತ್ತಿ ಎಳೆದೆ. ಕಪ್ಪು ಕಲ್ಲು ಕೆಂಪು ಗೆರೆ ಎಳೆಯಿತು. ಹೊಸಿಲಿಗೆ ಬಳಿಯುವ ಕೆಮ್ಮಣ್ಣಿನ ಬಣ್ಣ. "ಇದು ಕಬ್ಬಿಣದ ಅದಿರು ಯಜಮಾನ್ರೇ" ಅಂದೆ. ಅವರು ಒಪ್ಪಲಿಲ್ಲ. "ಮತ್ತೆ ಅಂಟುತ್ತಲ್ಲ?"

ಈ "ಅಂಟುತ್ತಲ್ಲ" ಇದೆಯಲ್ಲ, ಮೂವತ್ತು ವರ್ಷ ಪಾಠ ಮಾಡಿದವನನ್ನೂ ಸುಸ್ತು ಮಾಡುವ ಮಾತು ಅದು.

ಆಯಸ್ಕಾಂತಕ್ಕೆ ಕನ್ನಡದಲ್ಲಿ ಇನ್ನೊಂದು ಹೆಸರೇನು? ಸೂಜಿಗಲ್ಲು. ಸೂಜಿಯನ್ನು ಎಳೆಯುವ ಕಲ್ಲು. ನಮ್ಮ ಹಿರಿಯರು ಈ ಹೆಸರಿಟ್ಟದ್ದು ಅಂಗಡಿಯಿಂದ ತಂದ ವಸ್ತುವಿಗಲ್ಲ, ನೆಲದಲ್ಲಿ ಸಿಕ್ಕ ಕಲ್ಲಿಗೆ. ಮ್ಯಾಗ್ನಟೈಟ್ ಎಂಬ ಅದಿರಿನ ಕೆಲವು ತುಂಡುಗಳು ತಾವೇ ಆಯಸ್ಕಾಂತಗಳಾಗಿರುತ್ತವೆ. ಹಾಗಿರುವಾಗ ಕಬ್ಬಿಣ ಎಳೆಯುವ ಕಲ್ಲು ಕಂಡರೆ ಮೇಲಿನಿಂದಲೇ ಬಿದ್ದಿರಬೇಕು ಅನ್ನುವುದು ಯಾವ ಲೆಕ್ಕ? ಬೆಳ್ಳಗಿರುವುದೆಲ್ಲ ಹಾಲಲ್ಲ ಅಂತ ಗಾದೆ ಕಟ್ಟಿದ ಜನ ನಾವು. ಅಂಟುವುದೆಲ್ಲ ಉಲ್ಕೆಯಲ್ಲ ಅನ್ನುವುದಕ್ಕೂ ಬೇರೆ ಗಾದೆ ಬೇಕಾ?

ಅದರಲ್ಲೂ ನಾವಿರುವುದು ಎಲ್ಲಿ? ಚಿತ್ರದುರ್ಗದ ನೆಲದಲ್ಲಿ. ಹೊಸದುರ್ಗ, ಹೊಳಲ್ಕೆರೆ, ಭೀಮಸಮುದ್ರದ ಸುತ್ತ ಗುಡ್ಡಗಳೇ ಕಬ್ಬಿಣ. 250 ಕೋಟಿ ವರ್ಷಕ್ಕೂ ಹಿಂದೆ ಇಲ್ಲಿ ಸಮುದ್ರವಿತ್ತು. ಅದರ ತಳದಲ್ಲಿ ಕಬ್ಬಿಣ ಒಂದು ಪದರ, ಬೆಣಚು ಒಂದು ಪದರ ಅಂತ ಕೂತು ಪಟ್ಟೆ ಪಟ್ಟೆ ಕಲ್ಲಾಯಿತು. ಆ ಗುಡ್ಡಗಳ ಚೂರು ಮಳೆ ನೀರಿನಲ್ಲಿ ಉರುಳಿ ಹೊಲಕ್ಕೆ ಬಂದಿದೆ. ಉಳಿದದ್ದನ್ನು ಅದಿರಿನ ಲಾರಿಗಳು ರಸ್ತೆಯುದ್ದಕ್ಕೂ ಚೆಲ್ಲಿವೆ. ಅನುಮಾನ ಇದ್ದರೆ ಮಳೆ ನಿಂತ ಮೇಲೆ ಹತ್ತಿರದ ಹಳ್ಳಕ್ಕೆ ಹೋಗಿ, ಆಯಸ್ಕಾಂತವನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿ ಮರಳಿನಲ್ಲಿ ಎಳೆಯಿರಿ. ಕಪ್ಪು ಮೀಸೆ ಬೆಳೆದು ಬರುತ್ತದೆ. ನಮ್ಮ ಶಾಲೆಯ ಮಕ್ಕಳಿಗೆ ಇದು ಪ್ರತಿ ವರ್ಷದ ಆಟವಾಗಿತ್ತು. ಆ ಮರಳೆಲ್ಲ ಆಕಾಶದಿಂದ ಸುರಿದದ್ದಾ?

ಇನ್ನು ಭಾರ. "ತುಂಬಾ ತೂಕ ಸಾರ್" ಅನ್ನುತ್ತಾರೆ. ಕೆಂಪು ಗೆರೆ ಎಳೆಯುವ ಹೆಮಟೈಟ್ ಅದಿರು ನೀರಿಗಿಂತ ಐದು ಪಟ್ಟು ಭಾರ. ಬಿದ್ದದ್ದನ್ನು ಕಂಡು ಹೆಕ್ಕಿದ ಉಲ್ಕಾಶಿಲೆಗಳಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಕಲ್ಲಿನ ಜಾತಿಯವು. ಅವು ಸಾಮಾನ್ಯವಾಗಿ ನೀರಿನ ಮೂರೂವರೆ ಪಟ್ಟು ಆಸುಪಾಸು. ಅಂದರೆ ನಿಮ್ಮ ಕಲ್ಲು ಅಷ್ಟೊಂದು ಭಾರ ಇದ್ದರೆ ಅದು ಅದಿರಿನ ಪರ ಸಾಕ್ಷಿ, ಉಲ್ಕೆಯ ಪರ ಅಲ್ಲ. ಅಚ್ಚ ಕಬ್ಬಿಣದ ಉಲ್ಕಾಶಿಲೆಗಳು ಇದಕ್ಕಿಂತಲೂ ಭಾರ, ಆದರೆ ಅವು ಅಪರೂಪ.

ಆಯಸ್ಕಾಂತದ ಪರೀಕ್ಷೆ ಇನ್ನೊಂದು ಕಡೆಯಿಂದಲೂ ಕೈ ಕೊಡುತ್ತದೆ. 1865ರಲ್ಲಿ ಬಿಹಾರದ ಶೇರ್‌ಘಾಟಿಯಲ್ಲಿ ಒಂದು ಕಲ್ಲು ಬಿತ್ತು. ಅದು ಮಂಗಳ ಗ್ರಹದ್ದು. ಆ ಜಾತಿಯ ಕಲ್ಲುಗಳಿಗೆ ಇಂದಿಗೂ ಆ ಊರಿನ ಹೆಸರೇ ಇದೆ. ಮಂಗಳ ಮತ್ತು ಚಂದ್ರನಿಂದ ಬಂದ ಕಲ್ಲುಗಳಲ್ಲಿ ಲೋಹದ ಕಬ್ಬಿಣ ಇರುವುದಿಲ್ಲ, ಇದ್ದರೂ ಎಲ್ಲೋ ಚೂರು. ಆಯಸ್ಕಾಂತ ಅವುಗಳಲ್ಲಿ ಹೆಚ್ಚಿನವಕ್ಕೆ ಗಟ್ಟಿಯಾಗಿ ಅಂಟದೆ ಸುಮ್ನೆ ಜಾರುತ್ತದೆ. ಎಲ್ಲಕ್ಕಿಂತ ಅಪರೂಪದ ಕಲ್ಲನ್ನೇ ಬೇಲಿಯಾಚೆ ಎಸೆಯಿಸುವ ಪರೀಕ್ಷೆ ಇದು.

ಇಷ್ಟೇ ಆಗಿದ್ದರೆ ಪರವಾಗಿಲ್ಲ, ಹೋಗಲಿ ಬಿಡಿ ಅನ್ನಬಹುದಿತ್ತು. ಆಯಸ್ಕಾಂತ ನಿಜವಾದ ಉಲ್ಕಾಶಿಲೆಯನ್ನು ಕೆಡಿಸುತ್ತದೆ. ಕಲ್ಲು ತಾನು ಹುಟ್ಟಿದ ಜಾಗದ ಕಾಂತಕ್ಷೇತ್ರವನ್ನು ತನ್ನೊಳಗಿನ ಪುಟ್ಟ ಹರಳುಗಳಲ್ಲಿ ಹಿಡಿದಿಟ್ಟಿರುತ್ತದೆ. ಕೋಟ್ಯಂತರ ವರ್ಷ ಉಳಿದಿದ್ದ ಆ ನೆನಪು, ಪೇಟೆಯಲ್ಲಿ ಸಿಗುವ ಬಲವಾದ ಪುಟ್ಟ ಆಯಸ್ಕಾಂತ ಒಂದು ಸಲ ತಾಗಿದರೆ ಅಳಿಸಿಹೋಗುತ್ತದೆ. ಸಹಾರಾ ಮರುಭೂಮಿಯಲ್ಲಿ 2011ರಲ್ಲಿ ಸಿಕ್ಕ 'ಬ್ಲ್ಯಾಕ್ ಬ್ಯೂಟಿ' ಎಂಬ ಮಂಗಳದ ಕಲ್ಲಿಗೆ ಆದದ್ದು ಅದೇ. ಹಳೆಯ ಮಂಗಳಕ್ಕೆ ಕಾಂತಕ್ಷೇತ್ರ ಹೇಗಿತ್ತು ಅಂತ ಹೇಳಬಲ್ಲ ಕಲ್ಲು ಅದು. ವಿಜ್ಞಾನಿಗಳು ಅದರ ತುಂಡುಗಳನ್ನು ಪರೀಕ್ಷಿಸಿ 2023ರಲ್ಲಿ ಬರೆದರು: ಹುಡುಕುವವರ ಆಯಸ್ಕಾಂತ ಎಲ್ಲವನ್ನೂ ಒರೆಸಿ ಹಾಕಿದೆ. ಸ್ಲೇಟು ಒರೆಸಿದ ಹಾಗೆ. ನೋಡಲೇಬೇಕು ಅಂತಿದ್ದರೆ ದಿಕ್ಸೂಚಿ ಇಡಿ. ಮುಳ್ಳು ಅಲುಗಿದರೆ ಕಬ್ಬಿಣ ಇದೆ ಅಂತ ಗೊತ್ತಾಯಿತು. ಅಷ್ಟು ಸಾಕು.

ಹಾಗಾದರೆ ಏನು ನೋಡಬೇಕು? ಮೊದಲು ಸಿಪ್ಪೆ. ಹೊಸದಾಗಿ ಬಿದ್ದ ಉಲ್ಕಾಶಿಲೆಗೆ ಕಪ್ಪಗಿನ ತೆಳು ಸಿಪ್ಪೆ ಇರುತ್ತದೆ, ಒಂದು ಮಿಲಿಮೀಟರ್‌ಗಿಂತಲೂ ತೆಳು. ಎಲ್ಲಾದರೂ ಒಡೆದಿದ್ದರೆ ಒಳಗೆ ಬೂದು ಬಣ್ಣ ಕಾಣುತ್ತದೆ, ಸುಟ್ಟ ಆಲೂಗಡ್ಡೆ ಮುರಿದ ಹಾಗೆ. ಒಳಗೂ ಹೊರಗೂ ಒಂದೇ ಕಪ್ಪಾಗಿದ್ದರೆ ಬಹುತೇಕ ಆಸೆ ಬಿಡಿ. ಭೂತಗನ್ನಡಿಯಲ್ಲಿ ಸಾಸಿವೆ ಕಾಳಿನಂಥ ದುಂಡು ದುಂಡು ಕಣ, ನಡುನಡುವೆ ಬೆಳ್ಳಿ ಚುಕ್ಕಿ ಕಂಡರೆ ನನಗೂ ಆಸಕ್ತಿ ಬರುತ್ತದೆ. ಆ ದುಂಡು ಕಣಗಳು ಭೂಮಿಯ ಯಾವ ಕಲ್ಲಿನಲ್ಲೂ ಇಲ್ಲ, ಅವುಗಳ ವಯಸ್ಸು 456 ಕೋಟಿ ವರ್ಷ. ಕಬ್ಬಿಣದ ಜಾತಿಯದಾದರೆ ನಿಕ್ಕಲ್ ಇರಲೇಬೇಕು. ಅದನ್ನು ಲ್ಯಾಬಿನಲ್ಲೇ ನೋಡಬೇಕು.

ಮೈತುಂಬ ಗುಳ್ಳೆ, ತೂತು ಇದ್ದರೆ ಅದು ಕಿಟ್ಟ. ಕಬ್ಬಿಣ ಕರಗಿಸುತ್ತಿದ್ದ ಹಳೇ ಕುಲುಮೆಗಳ ಕಸ. ನಮ್ಮ ಎಷ್ಟೋ ಹಳ್ಳಿಗಳ ಅಂಚಿನಲ್ಲಿ ಅದರ ರಾಶಿಗಳಿವೆ. ಮತ್ತೋಡಿನ ಕಡೆ ಹಿಂದೆ ಗಾಜಿನ ಬಳೆ ಮಾಡುತ್ತಿದ್ದರು, ಆ ಕಡೆಯಿಂದ ಹೊಳೆಯುವ ಗಾಜಿನ ಗಟ್ಟಿ ತಂದು "ಆಕಾಶದ ಗಾಜು" ಅಂದವರೂ ಇದ್ದಾರೆ. ಐಮಂಗಲದ ಹತ್ತಿರದ ಮರಡಿಹಳ್ಳಿಯ ದಿಂಬಿನಾಕಾರದ ಕಲ್ಲುಗಳೂ ಉಲ್ಕೆಯಲ್ಲ, ನೀರಿನಡಿ ಹರಿದು ಹೆಪ್ಪುಗಟ್ಟಿದ ಲಾವಾ. ಅದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ದಯವಿಟ್ಟು ಅಲ್ಲಿಂದ ತುಂಡು ಮುರಿದು ತಂದು ನನಗೆ ತೋರಿಸಬೇಡಿ.

ಉಲ್ಕಾಶಿಲೆ ಹುಡುಕುವವರು ಸುಮ್ನೆ ಹೊಲ ಹೊಲ ಅಲೆಯುವುದಿಲ್ಲ. ನಮ್ಮ ಮಳೆಗೆ ಕಬ್ಬಿಣವಿರುವ ಕಲ್ಲು ತುಕ್ಕು ಹಿಡಿದು ಮಣ್ಣಾಗುತ್ತದೆ. ಅವರು ಹೋಗುವುದು ಮರುಭೂಮಿಗೆ, ಇಲ್ಲವೇ ಅಂಟಾರ್ಕ್ಟಿಕಾಗೆ. ಬಿಳಿ ಮಂಜಿನ ಮೇಲೆ ಕಪ್ಪು ಕಲ್ಲು ಕಂಡರೆ ಅದು ಬೇರೆಲ್ಲಿಂದ ಬಂದೀತು? 1969ರಲ್ಲಿ ಜಪಾನಿನವರಿಗೆ ಅಲ್ಲಿ ಒಂದೇ ಕಡೆ ಒಂಬತ್ತು ಸಿಕ್ಕವು. ಈಗ ಅಂಟಾರ್ಕ್ಟಿಕಾದ ಲೆಕ್ಕ 40,000 ದಾಟಿದೆ.

ನಮ್ಮ ಕಡೆ ಸಿಗಬೇಕಾದರೆ ಬೀಳುವುದನ್ನು ಯಾರಾದರೂ ಕಾಣಬೇಕು, ಇಲ್ಲವೇ ಸದ್ದು ಕೇಳಬೇಕು. ಹಾಗೆ ಆಗಿದೆ ಕೂಡ. 1848ರ ಫೆಬ್ರವರಿ 15ರಂದು ತುಂಗಭದ್ರಾ ಹೊಳೆಯಾಚೆ, ಈಗಿನ ಹಾವೇರಿ ಜಿಲ್ಲೆಯ ಗುತ್ತಲ ಹತ್ತಿರದ ನೆಗಳೂರಿನಲ್ಲಿ ಒಂದು ಕಲ್ಲು ಬಿತ್ತು. ತೂಕ ಎರಡು ಕಿಲೋಗಿಂತ ಸ್ವಲ್ಪ ಕಡಿಮೆ. ಆಗ ಅದು ಧಾರವಾಡ ಜಿಲ್ಲೆ, ಹಾಗಾಗಿ ಜಗತ್ತಿನ ಪಟ್ಟಿಯಲ್ಲಿ ಅದರ ಹೆಸರು 'ಧಾರವಾಡ'. ನೆಗಳೂರಿನವರಿಗೆ ಅನ್ಯಾಯ ಅಂತ ನನಗೆ ಯಾವಾಗಲೂ ಅನ್ನಿಸುತ್ತದೆ.

ಅಂಥ ಅದೃಷ್ಟ ನಿಮಗೆ ಬಂದರೆ, ಎತ್ತುವ ಮೊದಲು ಬಿದ್ದ ಜಾಗದಲ್ಲೇ ಫೋಟೊ ತೆಗೆಯಿರಿ. ಪಕ್ಕದಲ್ಲಿ ಒಂದು ನಾಣ್ಯ ಇಡಿ. ಬರಿಗೈಯಲ್ಲಿ ಮುಟ್ಟಬೇಡಿ, ಬೆವರಿನ ಉಪ್ಪು ಕಬ್ಬಿಣಕ್ಕೆ ವಿಷ. ತೊಳೆಯಬೇಡಿ. ಅರಿಶಿನ ಕುಂಕುಮ ಹಚ್ಚಿ ಹಾಲು ಎರೆಯಬೇಡಿ. ಚೊಕ್ಕ ಅಲ್ಯೂಮಿನಿಯಂ ಹಾಳೆಯಲ್ಲಿ ಸುತ್ತಿ ಒಣ ಡಬ್ಬಿಯಲ್ಲಿಡಿ. ಹೊಸ ಚಪ್ಪಲಿ ಡಬ್ಬಿಯಲ್ಲಿ ಬರುವ ಸಿಲಿಕಾ ಜೆಲ್ ಪುಡಿಕೆ ಎರಡು ಹಾಕಿದರೆ ಇನ್ನೂ ಒಳ್ಳೇದು. ಆಮೇಲೆ ತಹಶೀಲ್ದಾರರಿಗೆ ತಿಳಿಸಿ. ಬಿದ್ದ ಕಲ್ಲುಗಳನ್ನು ಸಂಗ್ರಹಿಸಿ ಕಾಪಾಡುವುದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆ. ಬೆಂಗಳೂರಿನ ಕುಮಾರಸ್ವಾಮಿ ಲೇಔಟ್‌ನಲ್ಲಿ ಅವರ ಕಚೇರಿ ಇದೆ.

ಬೆಲೆ? ಅಕ್ಕಿ ಎಳೆಯುವ ಸಿಡಿಲು ಬಡಿದ ಚೊಂಬಿಗೆ ಕೋಟಿ ಕೊಡುತ್ತೇವೆ ಅಂತ ಬಂದು ಮೋಸ ಮಾಡಿದವರ ಕಥೆ ಈ ಭಾಗದಲ್ಲಿ ಯಾರಿಗೆ ಗೊತ್ತಿಲ್ಲ? "ಉಲ್ಕೆ ಕಲ್ಲಿಗೆ ಅಡ್ವಾನ್ಸ್ ಕೊಡಿ, ಪರೀಕ್ಷೆ ಖರ್ಚು ಕೊಡಿ" ಅನ್ನುವವರೂ ಅದೇ ಬಳಗ. ಮುಂದಿನ ಮಾತಿಗೆ ಹೋಗೋಣ.

ಯಾರೂ ಕೇಳದ ಒಂದು ಪ್ರಶ್ನೆ ನನಗಿದೆ. ಕಬ್ಬಿಣ ಕರಗಿಸಲು ಬರದ ಕಾಲದಲ್ಲಿ ಜನ ಈ ಆಕಾಶದ ಕಬ್ಬಿಣವನ್ನು ಬಳಸಿದ್ದಾರಾ? ಧಾರಾಳವಾಗಿ. ಈಜಿಪ್ಟಿನ ಟುಟಾಂಖಾಮನ್ ದೊರೆಯ ಜೊತೆ ಹೂತಿದ್ದ ಬಾಕು ಅಂಥದು. ಅದರಲ್ಲಿ ನೂರಕ್ಕೆ 11ರಷ್ಟು ನಿಕ್ಕಲ್ ಇರುವುದು 2016ರ ಪರೀಕ್ಷೆಯಲ್ಲಿ ಗೊತ್ತಾಯಿತು. ನಮ್ಮ ದೇಶದ ಕಥೆ ಇನ್ನೂ ಸೊಗಸು. 1621ರ ಏಪ್ರಿಲ್‌ನಲ್ಲಿ ಜಲಂಧರದ ಬಳಿ ದೊಡ್ಡ ಸದ್ದಿನೊಂದಿಗೆ ಒಂದು ಕಬ್ಬಿಣದ ಗಟ್ಟಿ ಬಿತ್ತು. ಬಾದಶಹಾ ಜಹಾಂಗೀರ ತೂಗಿಸಿದ, 160 ತೊಲ. ಉಸ್ತಾದ್ ದಾವೂದ್ ಎಂಬ ಕಮ್ಮಾರನಿಗೆ ಕೊಟ್ಟು ಕತ್ತಿ ಮಾಡು ಅಂದ. ಗಟ್ಟಿ ಸುತ್ತಿಗೆ ಏಟಿಗೆ ತಡೆಯದೆ ಪುಡಿಯಾಯಿತು. ಆಗ ಮೂರು ಪಾಲು ಆಕಾಶದ ಕಬ್ಬಿಣಕ್ಕೆ ಒಂದು ಪಾಲು ನೆಲದ ಕಬ್ಬಿಣ ಬೆರೆಸಿದರು. ಎರಡು ಕತ್ತಿ, ಒಂದು ಬಾಕು, ಒಂದು ಚೂರಿ ಆಯಿತು. ಚೂರಿ ಈಗ ವಾಷಿಂಗ್ಟನ್ನಿನ ಮ್ಯೂಸಿಯಂನಲ್ಲಿದೆ. ಬಿದ್ದ ಜಾಗದ ಹುಲ್ಲು ಸುಟ್ಟಿತ್ತು, ಗಟ್ಟಿ ಬಿಸಿಯಾಗಿತ್ತು ಅಂತಲೂ ಜಹಾಂಗೀರ ತನ್ನ ಆತ್ಮಕಥೆಯಲ್ಲಿ ಬರೆದಿದ್ದಾನೆ. ಉಲ್ಕೆಯ ಬೆಂಕಿ ಸಾಮಾನ್ಯವಾಗಿ 20 ಕಿಲೋಮೀಟರ್ ಎತ್ತರದಲ್ಲೇ ಆರಿ, ಕಲ್ಲು ತಣ್ಣಗಾಗಿಯೇ ಬೀಳುತ್ತದೆ. ಆದರೂ ಬಾದಶಹನ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ.

ಆ ಕಬ್ಬಿಣಕ್ಕೆ ಜಹಾಂಗೀರ ಇಟ್ಟ ಹೆಸರು ಸಿಡಿಲ ಕಬ್ಬಿಣ. ನಮ್ಮಲ್ಲೂ 'ಸಿಡಿಲಿನ ಕಲ್ಲು' ಅನ್ನುವ ಮಾತು ಇದೆಯಲ್ಲ. ಹೊಳಲ್ಕೆರೆಯ ಆ ಯಜಮಾನರು ಹೊರಡುವ ಮುನ್ನ ಅದನ್ನೇ ಎತ್ತಿದರು. ಅವರ ಊರಿನ ಬನ್ನಿಮರದ ಬುಡದಲ್ಲಿ ಅಂಥದೊಂದಿದೆಯಂತೆ, ಎಣ್ಣೆ ಹಚ್ಚಿ ಪೂಜೆ ಮಾಡುತ್ತಾರಂತೆ. ಫೋನಿನಲ್ಲಿ ಫೋಟೊ ತೋರಿಸಿದರು. ಅಂಗೈಯಗಲದ ಕಲ್ಲು, ಒಂದು ತುದಿ ಚೂಪು, ಇನ್ನೊಂದು ತುದಿ ಕೊಡಲಿಯ ಬಾಯಿಯ ಹಾಗೆ ನುಣ್ಣಗೆ ಮಸೆದದ್ದು.

ನಾನು ಫೋನನ್ನು ಅವರ ಕೈಯಿಂದ ಇಸಕೊಂಡೆ. ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿಯಲ್ಲಿ 1947ರಲ್ಲಿ ಪುರಾತತ್ವಜ್ಞ ವ್ಹೀಲರ್ ಅಗೆಸಿದಾಗ, ಕೆಳಗಿನ ಪದರಗಳಲ್ಲಿ ಇಂಥವೇ ಸಿಕ್ಕಿದ್ದವು. ಕಬ್ಬಿಣ ಬರುವುದಕ್ಕೂ ಮೊದಲಿನ ಜನ ಮಸೆದ ಕಲ್ಲಿನ ಕೊಡಲಿಗಳು.

"ಹಾಗಾದ್ರೆ ಇದಾದ್ರೂ ಮೇಲಿಂದ ಬಿದ್ದದ್ದಾ ಮೇಷ್ಟ್ರೇ?"

"ಇಲ್ಲ ಯಜಮಾನ್ರೇ, ಇದನ್ನ ನಿಮ್ಮೂರಿನವರೇ ಮಾಡಿದ್ದು."

ಅವರು ಫೋಟೊವನ್ನು ದೊಡ್ಡದು ಮಾಡಿ ಮತ್ತೊಂದು ಸಲ ನೋಡಿದರು. ಟವಲ್‌ನಲ್ಲಿದ್ದ ಅದಿರನ್ನು ನಮ್ಮ ಗೇಟಿನ ಪಕ್ಕ ಇಳಿಸಿ, ಬೈಕ್ ಸ್ಟಾರ್ಟ್ ಮಾಡಿದರು. ಈಗ ಅದು ಗೇಟು ಗಾಳಿಗೆ ಬಡಿಯದಂತೆ ಒತ್ತಿ ಹಿಡಿದಿದೆ.